ಕುರ್ಕಿಕೋಸ್ಕಿಯಿಂದ ಹೇಳಿ ಕಳಿಸಿದ್ದು

ಹೆಲ್ಸಿಂಕಿ
17 ಫೆಬ್ರುವರಿ 2008

ಪ್ರೀತಿಯ ಸಾತು,

ಉದ್ಘಾಟನೆಯಲ್ಲಿ ಕತ್ತರಿ ಎಷ್ಟು ಮೊಂಡಾಗಿತ್ತು, ನೋಡಿದೆಯಲ್ಲ? ಎಷ್ಟು ಸಲ ಕಚ್ಚಿಸಿದರೂ ರಿಬ್ಬನ್ನು ತುಂಡಾಗಲೇ ಇಲ್ಲ. ಪತ್ರಿಕೆಯ ಫೋಟೋದಲ್ಲಿ ನಾನು ಹಲ್ಲು ಕಚ್ಚಿಕೊಂಡು ಯಾರದೋ ಕುತ್ತಿಗೆ ಕೊಯ್ಯುತ್ತಿರುವವಳ ಹಾಗೆ ಕಾಣುತ್ತೇನೆ. ಪಕ್ಷದ ಕಚೇರಿಯಲ್ಲಿ ಅದನ್ನು ಕಾಫಿ ಯಂತ್ರದ ಮೇಲೆ ಅಂಟಿಸಿ ನಗುತ್ತಿದ್ದಾರೆ. ನಗಲಿ. ಕಾಗದದ ಗಿರಣಿ ಮುಚ್ಚಿದ ದಿನ ಕುರ್ಕಿಕೋಸ್ಕಿಯ ಕಥೆ ಮುಗಿಯಿತು ಎಂದವರು ಇದೇ ಜನ. ಈಗ ಅದೇ ಗಿರಣಿಯ ಊಟದ ಮನೆಯಲ್ಲಿ ನೂರನಲವತ್ತು ಮೇಜು, ನೂರನಲವತ್ತು ಫೋನು, ನೂರನಲವತ್ತು ಸಂಬಳ.

ಅದರಲ್ಲೊಂದು ನಿನ್ನದು. ಸಂಸದೆ ಹಿಲ್ಕಾ ನೆವಾಲಾ ಮಗಳಿಗೆ ಕೆಲಸ ಕೊಡಿಸಿದಳು ಎಂದು ಜನ ಆಡಿಕೊಳ್ಳುತ್ತಾರೆ. ನಾನು ಕಂಪನಿಯನ್ನು ಊರಿಗೆ ಕರೆತಂದೆ, ಬಾಡಿಗೆ ಮನ್ನಾ ಮಾಡಿಸಿಕೊಟ್ಟೆ. ನಿನ್ನ ಬಗ್ಗೆ ಒಂದು ಮಾತೂ ಆಡಿಲ್ಲ. ಅದು ನಿನಗೆ ಗೊತ್ತಿದ್ದರೆ ಸಾಕು.

ರೇಯೊ ಬರಲಿಲ್ಲ. ಫೋನ್ ಮಾಡಿ ಬೈದೆ. "ಹಿಲ್ಕಾ, ನಾವು ಕಾಗದ ಮಾಡ್ತಿದ್ವಿ. ಇವರು ಏನು ಮಾಡ್ತಾರೆ ಹೇಳು, ಕೈಲಿ ಹಿಡ್ಕೊಂಡು ನೋಡೋಣ" ಅಂದ. "ಸಂಬಳ ಮಾಡ್ತಾರೆ" ಅಂದೆ. ನಕ್ಕ. ನನ್ನ ಅಣ್ಣ ಇತ್ತೀಚೆಗೆ ನಗುವುದೇ ಕಡಿಮೆ, ಅಷ್ಟಾದರೂ ಆಯಿತು. ಭಾನುವಾರದ ಊಟಕ್ಕೆ ಅವರ ಮನೆಗೆ ಹೋಗುವುದು ತಪ್ಪಿಸಬೇಡ. ನಿನ್ನ ಒಂಬತ್ತನೇ ವಯಸ್ಸಿನಿಂದ ವಾರದ ಐದು ದಿನ ನಿನ್ನನ್ನು ಸಾಕಿದವರು ರೇಯೊ ಮತ್ತು ಐಲಾ. ನಾನು ಸಾಕಿದ್ದು ಈ ಪತ್ರಗಳಿಂದ. ಅದನ್ನಂತೂ ನಿಲ್ಲಿಸುವುದಿಲ್ಲ.

ನಿನ್ನ
ಅಮ್ಮ

*

ಕುರ್ಕಿಕೋಸ್ಕಿ
25 ಮೇ 2008

ಅಮ್ಮ,

ಪತ್ರಕ್ಕೆ ತಡವಾಯಿತು. ಆದರೆ ಪತ್ರವೇ ಸರಿ. ದಿನವಿಡೀ ಫೋನನ್ನು ಕಿವಿಗೆ ಅಂಟಿಸಿಕೊಂಡು ಕೂರುವವಳಿಗೆ ಸಂಜೆ ಅದನ್ನು ಮುಟ್ಟಲೂ ಹೇಸಿಗೆ.

ನಾವು ಏನು ಮಾಡುತ್ತೇವೆ ಎಂದು ರೇಯೊ ಮಾವ ಕೇಳಿದ್ದರಲ್ಲ. ಹೇಳುತ್ತೇನೆ. ಯಾರಾದರೂ ಮೊಬೈಲಿನಿಂದ ಒಂದು ಸಾಲಿನ ಸಂದೇಶ ಕಳಿಸಿದರೆ ಕಾಲು ಗಂಟೆಯಲ್ಲಿ ಇನ್ನೂರು ಯೂರೋ ಅವರ ಖಾತೆಯಲ್ಲಿರುತ್ತದೆ. ಎರಡು ವಾರದಲ್ಲಿ ಇನ್ನೂರೈವತ್ತು ಕಟ್ಟಬೇಕು. ಕಟ್ಟಲಾಗದವರು ನಮಗೆ ಫೋನ್ ಮಾಡುತ್ತಾರೆ. ಆಗ ನಾವು ವಾಯಿದೆ ಮುಂದಕ್ಕೆ ಹಾಕಿ ಅದಕ್ಕೂ ದುಡ್ಡು ಹಿಡಿಯುತ್ತೇವೆ. ಇಲ್ಲವೇ ಮೊದಲಿನ ಸಾಲ ತೀರಿಸಲು ಎರಡನೆಯದನ್ನು ಕೊಡುತ್ತೇವೆ. ಎರಡನೆಯದನ್ನು ಕೊಟ್ಟವರ ಮೇಜಿನ ಮೇಲೆ ಮೇಲ್ವಿಚಾರಕ ಬಂದು ಗಂಟೆ ಬಾರಿಸುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟಬೇಕು. ಚಪ್ಪಾಳೆ ತಟ್ಟಿ ತಟ್ಟಿ ನನ್ನ ಅಂಗೈ ಕೆಂಪಾಗಿದೆ. ತಮಾಷೆಗೆ ಹೇಳುತ್ತಿಲ್ಲ.

ನಮ್ಮೂರಿನವರೇ ಫೋನ್ ಮಾಡುತ್ತಾರೆ. ಮೊನ್ನೆ ನನ್ನ ಶಾಲೆಯ ಸಂಗೀತದ ಮೇಡಂ. ನನ್ನ ದನಿ ಗುರುತಿಸಿ ಫೋನ್ ಇಟ್ಟುಬಿಟ್ಟರು. ಗಿರಣಿಯ ಪರಿಹಾರದ ದುಡ್ಡು ಮುಗಿದವರು, ಮಕ್ಕಳಿಗೆ ಚಳಿಗಾಲದ ಬೂಟು ಕೊಂಡವರು, ಬರೀ ಬಾಡಿಗೆ ಕಟ್ಟಿದವರು. ಅವರು ದಡ್ಡರಲ್ಲ ಅಮ್ಮ. ಮೊದಲನೇ ಸಲ ಎಲ್ಲರೂ ಸರಿಯಾದ ದಿನಕ್ಕೇ ವಾಪಸ್ಸು ಕಟ್ಟುತ್ತಾರೆ. ಆಮೇಲೆ ಯಾವುದೋ ಒಂದು ತಿಂಗಳು ತಪ್ಪುತ್ತದೆ. ಅಲ್ಲಿಂದ ಆಚೆಗೆ ಮನುಷ್ಯ ನಮ್ಮವನು.

ಇದಕ್ಕೆ ಬಡ್ಡಿಯ ಮಿತಿ ಎಂಬುದೇ ಇಲ್ಲವಂತೆ. ಇಂಥ ಕಾನೂನು ನೋಡುವ ಸಂಸತ್ತಿನ ಸಮಿತಿಯಲ್ಲಿ ನೀನಿದ್ದೀಯ. ಒಂದು ಮಿತಿ ಹಾಕಿಸು. ನನ್ನ ಕೆಲಸ ಹೋದರೆ ಹೋಗಲಿ.

ಸಾತು

*

ಹೆಲ್ಸಿಂಕಿ
14 ಸೆಪ್ಟೆಂಬರ್ 2008

ಪ್ರೀತಿಯ ಸಾತು,

ನಡುಬೇಸಿಗೆಯ ಹಬ್ಬಕ್ಕೆ ಊರಿಗೆ ಬಂದಾಗ ಸೌನಾದ ಹಬೆಯಲ್ಲಿ ನೀನು ಮತ್ತೆ ಅದೇ ವಿಷಯ ಎತ್ತಿದೆ. ನಾನು ಎದ್ದು ಹೋಗಿ ಕೆರೆಗೆ ಹಾರಿದೆ. ನಿನಗೆ ಸಿಟ್ಟು ಬಂತು. ನೀರಿನಲ್ಲಿ ನಿಂತು ನಿನ್ನ ಮಾತನ್ನೇ ಯೋಚಿಸುತ್ತಿದ್ದೆ ಎಂದರೆ ನಂಬುತ್ತೀಯಾ?

ಈಗ ನಾನು ಸಮಿತಿಯ ಅಧ್ಯಕ್ಷೆ, ಹಾಗಾಗಿ ಉತ್ತರ ಕೊಡಬೇಕಾದವಳು. ಸಚಿವಾಲಯದಿಂದ ಒಬ್ಬ ಅಧಿಕಾರಿ ಬಂದಿದ್ದ, ಎಳೆಯ ಗಡ್ಡದವನು. ನೀನು ಹೇಳಿದ್ದನ್ನೇ ನಕ್ಷೆ ಬರೆದು ತೋರಿಸಿದ. ಕಟ್ಟಲಾಗದ ಸಾಲದ ಗೆರೆ ನೆಟ್ಟಗೆ ಮೇಲಕ್ಕೆ ಹೋಗಿ ಹಾಳೆಯ ಅಂಚು ಮುಟ್ಟಿತ್ತು. "ಸ್ವಲ್ಪ ದೊಡ್ಡ ಹಾಳೆ ತಗೊಳ್ಳಪ್ಪ, ಇಷ್ಟು ಭಯಂಕರ ಕಾಣಲ್ಲ" ಅಂದೆ. ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಬಡ್ಡಿ ಮಿತಿಯ ಮಸೂದೆಯನ್ನು ವಸಂತಕ್ಕೆ ಮುಂದೂಡಿದ್ದೇವೆ. ಅಕ್ಟೋಬರಿನಲ್ಲಿ ಊರ ಚುನಾವಣೆ. ಬಡ್ಡಿ ಮಿತಿ ಎಂಬ ಮಾತು ಹೊರಬಿದ್ದ ದಿನ ಕಂಪನಿ ಗಂಟುಮೂಟೆ ಕಟ್ಟುತ್ತದೆ. ನೂರನಲವತ್ತು ಮನೆಗಳಿಗೆ ಹೋಗಿ ನಾನು ಏನೆಂದು ಹೇಳಲಿ? ನಿಮ್ಮೂರಿನ ಸಂಗೀತದ ಮೇಡಂ ಸಾಲ ಮಾಡಿದರು, ಅದಕ್ಕೆ ನಿಮ್ಮ ಕೆಲಸ ಹೋಯಿತು ಎಂದೇ? ವಯಸ್ಸಿಗೆ ಬಂದವರು ತಾವಾಗಿ ಕೇಳಿ ಪಡೆದ ಸಾಲ ಅದು. ಎಲ್ಲರ ಕೈ ಹಿಡಿದು ನಡೆಸುವುದು ಸರ್ಕಾರದ ಕೆಲಸವಲ್ಲ.

ವಸಂತ ಬರಲಿ. ನಿನ್ನ ಮಾತು ಮರೆತಿಲ್ಲ.

ಅಮ್ಮ

*

ಕುರ್ಕಿಕೋಸ್ಕಿ
8 ಮಾರ್ಚ್ 2009

ಅಮ್ಮ,

ಗುರುವಾರ ಊಟವಾದ ಮೇಲೆ ಒಂದು ಕರೆ ಬಂತು. "ನಮಸ್ಕಾರ, ನಾನು ಸಾತು. ಏನು ಸಹಾಯ ಆಗಬೇಕಿತ್ತು?" ಅಂದೆ.

"ಒಂದು ಸಾಲ ಇತ್ತು," ಅಂದಿತು ಆ ಕಡೆಯ ದನಿ. "ಅದರ ವಾಯಿದೆ ಮುಂದಕ್ಕೆ ಹಾಕಿಸ್ಬೇಕಿತ್ತು."

"ತಮ್ಮ ಹೆಸರು?"

"ನೆವಾಲಾ. ರೇಯೊ ಒಲಾವಿ ನೆವಾಲಾ."

ಕರೆಗಳೆಲ್ಲ ಧ್ವನಿಮುದ್ರಣ ಆಗುತ್ತವೆ. ಮನೆಯವರ ಕಡತ ಮುಟ್ಟಿದರೆ ಅವತ್ತೇ ಕೆಲಸದಿಂದ ತೆಗೆಯುತ್ತಾರೆ. ಮಾವನಿಗೆ ಅದು ಗೊತ್ತು, ನಾನೇ ಯಾವತ್ತೋ ಊಟದ ಮೇಜಿನಲ್ಲಿ ಹೇಳಿದ್ದೆ. ಹುಟ್ಟಿದ ದಿನಾಂಕ ಕೇಳಿದೆ. ಆ ದಿನ ಪ್ರತಿವರ್ಷ ಕೇಕಿನ ಮೇಲೆ ಕೆನೆ ಹಚ್ಚುವವಳು ನಾನು. ಅವರು ಹೇಳಿದರು, ನಾನು ಬೆರಳಚ್ಚಿಸಿದೆ.

"ತಮ್ಮ ಹೆಸರಿನಲ್ಲಿ ಆರು ಸಾಲ ಇವೆ."

"ಗೊತ್ತು."

"ವಾಯಿದೆ ಮುಂದೂಡಬಹುದು. ಇಲ್ಲಾ ಎಲ್ಲ ಸೇರಿಸಿ ಹೊಸದೊಂದು ಸಾಲ ತಗೋಬಹುದು."

"ಯಾವುದು ಸುಲಭ, ಮೇಡಂ?"

ಮೇಡಂ ಅಂದರು. ಸೈಕಲ್ ಕಲಿಸಿದವರು, ಬಿದ್ದಾಗ ಮಂಡಿಗೆ ಉಗುಳು ಹಚ್ಚಿದವರು.

ಬರೆದುಕೊಟ್ಟಿದ್ದ ಮಾತುಗಳಲ್ಲಿ ಇಲ್ಲದ ಒಂದು ಮಾತು ಕೇಳಿದೆ: "ಮನೇಲಿ ಮಾತಾಡಿದ್ದೀರಾ?"

"ಮನೇಲಿ ಆರಾಮಾಗಿದ್ದಾರೆ," ಅಂದರು. "ಹಾಗೇ ಇರ್ಲಿ."

ಪರದೆ ಹಸಿರಾಗಿತ್ತು, ಅಂದರೆ ಹೊಸ ಸಾಲ ಕೊಡಬಹುದು. ನಾನು ಗುಂಡಿ ಒತ್ತಿದೆ. ಮೇಲ್ವಿಚಾರಕ ಬಂದು ಗಂಟೆ ಬಾರಿಸಿದ.

ಇವತ್ತು ಭಾನುವಾರ. ಮಾವ ಆಲೂಗಡ್ಡೆಯ ತಟ್ಟೆ ನನ್ನ ಕಡೆ ಸರಿಸಿ "ಕೆಲಸ ಹೇಗಿದೆ ಮಗಳೇ?" ಅಂದರು. "ಪರವಾಗಿಲ್ಲ" ಅಂದೆ. ಐಲಾ ಅತ್ತೆ ಇನ್ನೊಂದಿಷ್ಟು ಸಾರು ಬಡಿಸಿದಳು. ಅವಳಿಗೆ ಏನೂ ಗೊತ್ತಿಲ್ಲ. ಮಾವ ಪರಿಹಾರದ ದುಡ್ಡಿನಲ್ಲಿ ದೋಣಿ ಕೊಳ್ಳುತ್ತಾರೆ ಎಂದೇ ನಂಬಿದ್ದಾಳೆ.

ನಾಳೆ ರಾಜೀನಾಮೆ ಕೊಡುತ್ತೇನೆ. ಬಡ್ಡಿ ಮಿತಿಯ ಮಾತು ನಾನು ನಿನಗೆ ಹೇಳುತ್ತಿರುವುದು ಮೂರನೇ ಸಲ. ವಸಂತ ಬಂದಿದೆ ಅಮ್ಮ.

ಸಾತು

*

ಹೆಲ್ಸಿಂಕಿ
19 ಏಪ್ರಿಲ್ 2009

ಪ್ರೀತಿಯ ಸಾತು,

ನಿನ್ನ ಪತ್ರ ಓದಿದ ಕೂಡಲೇ ರೇಯೊಗೆ ಫೋನ್ ಮಾಡಿದೆ. "ದುಡ್ಡು ಬೇಕಾ ಅಣ್ಣ?" ಅಂದೆ. "ಯಾತಕ್ಕೆ?" ಅಂದ. ಆಮೇಲೆ ಪೂರ್ತಿ ಹತ್ತು ನಿಮಿಷ ಈ ವರ್ಷದ ಮೀನಿನ ಬಗ್ಗೆ ಮಾತಾಡಿದ. ನಾನು ಎಷ್ಟೆಂದು ಒತ್ತಾಯ ಮಾಡಲಿ? ಅವನು ನನಗಿಂತ ಏಳು ವರ್ಷ ದೊಡ್ಡವನು.

ಮಸೂದೆಯ ವಿಷಯ. ಇದನ್ನು ಸಮಾಧಾನವಾಗಿ ಓದು. ಸಾಲಗಾರರ ಪೈಕಿ ನನ್ನ ಒಡಹುಟ್ಟಿದವನೇ ಇದ್ದಾನೆ ಎಂದು ತಿಳಿದ ಮೇಲೆ ನಾನೇ ಮುಂದೆ ನಿಂತು ಅದನ್ನು ಪಾಸು ಮಾಡಿಸಿದರೆ ನಾಳೆ ಏನನ್ನುತ್ತಾರೆ? ಮನೆಯ ಸಾಲಕ್ಕಾಗಿ ದೇಶದ ಕಾನೂನು ತಿದ್ದಿದಳು ಎನ್ನುತ್ತಾರೆ. ನಿಯಮದ ಪ್ರಕಾರ ನಾನು ಹಿಂದೆ ಸರಿಯಬೇಕು. ಸರಿದರೆ ಯಾಕೆ ಎಂದು ಹೇಳಬೇಕು, ರೇಯೊನ ಹೆಸರು ಬೀದಿಗೆ ಬರುತ್ತದೆ. ಹಾಗಾಗಿ ಸದ್ಯಕ್ಕೆ ಮಸೂದೆ ಇದ್ದಲ್ಲೇ ಇರುತ್ತದೆ. ನನಗೂ ಇದು ಸಂತೋಷದ ವಿಷಯವಲ್ಲ.

ಐಲಾಗೆ ಏನೂ ಹೇಳಬೇಡ. ಹೇಳಬೇಕಾದವನು ರೇಯೊ.

ನೀನು ಕೆಲಸ ಬಿಟ್ಟದ್ದು ತಿಳಿಯಿತು. ಖರ್ಚಿಗೆ ಸ್ವಲ್ಪ ಕಳಿಸಿದ್ದೇನೆ.

ಅಮ್ಮ

*

ಕುರ್ಕಿಕೋಸ್ಕಿ
29 ನವೆಂಬರ್ 2009

ಹಿಲ್ಕಾ,

ಸ್ಮಶಾನದಿಂದ ಬಂದ ಮೇಲೆ ಕಾಫಿ ಕುಡಿಯುತ್ತಾ ನೀನು ಕೇಳಿದೆ, ಅವತ್ತು ಬೆಳಿಗ್ಗೆ ರೇಯೊ ಹೇಗಿದ್ದ ಎಂದು. ಅಷ್ಟು ಜನರ ಎದುರು ಹೇಳಲಾಗಲಿಲ್ಲ. ಈಗ ಬರೆಯುತ್ತೇನೆ.

ಚೆನ್ನಾಗಿಯೇ ಇದ್ದ. ಗಂಜಿ ಕುಡಿದ, ಬಟ್ಟಲು ತೊಳೆದಿಟ್ಟ. ಕೆರೆ ಹೆಪ್ಪುಗಟ್ಟಲು ಶುರುವಾಗಿ ಇನ್ನೂ ಒಂದು ವಾರ ಆಗಿರಲಿಲ್ಲ. ಮಂಜುಗಡ್ಡೆ ಕೊರೆಯುವ ಸಲಾಕೆ, ಗಾಳ, ಕೂರುವ ಪೆಟ್ಟಿಗೆ ತೆಗೆದುಕೊಂಡ. ನಾನು ಬಾಗಿಲಿಗೆ ಬಂದೆ.

"ಇನ್ನೂ ತೆಳು ಇದೆ ರೇಯೊ. ಯಾರೂ ಇಳಿದಿಲ್ಲ."

"ಎಲ್ಲಿ ತೆಳು ಅಂತ ನಂಗೆ ಗೊತ್ತು ಕಣೆ" ಅಂದ.

ಐವತ್ತು ವರ್ಷ ಆ ಕೆರೆಯ ಮೇಲೆ ಓಡಾಡಿದವನು. ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಮಂಜುಗಡ್ಡೆ ಒಡೆದದ್ದು ಅಪಘಾತ ಅಂದರು ಪಾದ್ರಿಗಳು. ನಾನೂ ಹಾಗೇ ಅನ್ನುತ್ತೇನೆ.

ಮೊನ್ನೆ ಜಪ್ತಿ ಅಧಿಕಾರಿ ಬಂದಿದ್ದಳು, ಚಿಕ್ಕ ಹುಡುಗಿ. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ಅವರಿಗೆ ಮುಟ್ಟುವ ಹಾಗಿಲ್ಲವೋ ಏನೋ. ರೇಯೊನ ಸಾಲದ ಮೊತ್ತ ಹೇಳಿದಳು. ನಾನು ಅವಳಿಗೆ "ಮಗೂ, ನಮ್ಮೂರಲ್ಲಿ ಇನ್ನೊಬ್ಬ ನೆವಾಲಾ ಇರ್ಬೇಕು ನೋಡು" ಅಂದೆ. ಮನೆ ಅವನ ಹೆಸರಿನಲ್ಲಿದೆ. ಇವತ್ತಲ್ಲ ನಾಳೆ ಅದು ಹೋಗುತ್ತದಂತೆ.

ಸಾತು ನನ್ನ ಮುಖ ನೋಡುತ್ತಿಲ್ಲ. ನೀನು ಸಮಾಧಿಯ ಹತ್ತಿರ ನನ್ನನ್ನು ತಬ್ಬಿಕೊಂಡೆಯಲ್ಲ, ಬಿಡಲೇ ಇಲ್ಲ. ಜೀವಮಾನದಲ್ಲಿ ನೀನು ನನ್ನನ್ನು ಅಷ್ಟು ಹೊತ್ತು ತಬ್ಬಿದ್ದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ನಿನಗೆ ಗೊತ್ತಿತ್ತಾ?

ಐಲಾ

*

ಹೆಲ್ಸಿಂಕಿ
20 ಡಿಸೆಂಬರ್ 2009

ಪ್ರೀತಿಯ ಐಲಾ,

ಸಮಾಧಿಯ ಕಲ್ಲಿನ ಬಗ್ಗೆ ವಿಚಾರಿಸಿದೆ. ಬೂದು ಗ್ರಾನೈಟು ಚೆನ್ನಾಗಿರುತ್ತದೆ, ಹೆಸರು ಕೊರೆಯಲು ನೆಲದ ಹೆಪ್ಪು ಕರಗುವವರೆಗೆ ಸಮಯವಿದೆ. ಖರ್ಚು ನನ್ನದು. ಮನೆಯ ಸಾಲಕ್ಕೂ ನಾನು ಏನಾದರೂ ಮಾಡುತ್ತೇನೆ, ದಯವಿಟ್ಟು ಬೇಡ ಅನ್ನಬೇಡ.

ಹಬ್ಬಕ್ಕೆ ಬರಬೇಕೆಂದಿದ್ದೆ. ಸಂಸತ್ತಿನ ಕೆಲಸ ಮುಗಿಯುವ ಹಾಗೆ ಕಾಣುವುದಿಲ್ಲ. ಬೆಚ್ಚಗಿರು. ಸೌದೆ ಇದೆಯಾ?

ಹಿಲ್ಕಾ

*

ಔಲು
16 ಮೇ 2010

ಪ್ರೀತಿಯ ಐಲಾ ಅತ್ತೆ,

ಸಾಲದ ಮಸೂದೆಗೆ ತಜ್ಞೆಯೆಂದು ಸಂಸತ್ತಿನ ಸಮಿತಿ ನನ್ನನ್ನು ಕರೆದಿದ್ದು ನಿನಗೆ ಗೊತ್ತು. ಅಲ್ಲಿ ಏನಾಯಿತು ಎಂದು ನೀನು ಫೋನಿನಲ್ಲಿ ಕೇಳಿದೆ, ನಾನು ಜಾರಿಕೊಂಡೆ. ಇದನ್ನು ಕೂತು ಓದು.

ಜನವರಿಯಲ್ಲಿ ಅಮ್ಮ ಟೀವಿಯಲ್ಲಿ ಬಂದಿದ್ದಳಲ್ಲ. ದೇಶದ ತುಂಬ ಸಾಲ ಕಟ್ಟಲಾಗದವರ ಸಾಲು ಬೆಳೆಯುತ್ತಿದೆ, ನಿಮಗೆ ಮುಂಚೆ ತಿಳಿಯಲಿಲ್ಲವೇ ಎಂದು ಕೇಳಿದಾಗ "ಇದನ್ನ ಯಾರೂ ಊಹಿಸೋಕೆ ಸಾಧ್ಯ ಇರ್ಲಿಲ್ಲ" ಅಂದಳು. ನಾವಿಬ್ಬರೂ ನಿನ್ನ ಸೋಫಾದಲ್ಲಿ ಕೂತು ನೋಡಿದೆವು. ನೀನು "ಪಾಪ, ಹಿಲ್ಕಾ ಬಡವಾಗಿದ್ದಾಳೆ" ಅಂದೆ. ನಾನು ಎದ್ದು ಅಂಗಳಕ್ಕೆ ಹೋದೆ.

ಸಮಿತಿಯ ಕೋಣೆ ಸಣ್ಣದು, ಕಿಟಕಿಗಳಿಗೆ ಪರದೆ. ಹೊರಗಿನವರಿಗೆ ಪ್ರವೇಶವಿಲ್ಲ. ಮೇಜಿನ ತಲೆಗೆ ಅಮ್ಮ. ನನ್ನನ್ನು ನೋಡಿ ಹಾಳೆ ನೋಡಿಕೊಂಡು ಹೆಸರು ಓದಿದಳು: "ಸಾತು ನೆವಾಲಾ, ಸಾಲ ಕಂಪನಿಯೊಂದರ ಮಾಜಿ ಉದ್ಯೋಗಿ." ಕೆಲವರು ನಕ್ಕರು, ಹೆಸರಿಗೆ. ನಾನು ಗೊತ್ತಿದ್ದದ್ದೆಲ್ಲ ಹೇಳಿದೆ. ಎದುರು ಪಕ್ಷದ ಮುದುಕರೊಬ್ಬರು ಕೇಳಿದರು:

"ಇದನ್ನ ಆಗಲೇ ಯಾರಿಗಾದ್ರೂ ತಿಳಿಸಿದ್ರಾ?"

"ತಿಳಿಸಿದ್ದೆ. ಒಬ್ಬ ಸಂಸದರಿಗೆ. ಎರಡು ಸಲ ಪತ್ರದಲ್ಲಿ, ಒಂದು ಸಲ ಬಾಯಿಮಾತಲ್ಲಿ."

"ಯಾರಿಗೆ?"

ಅತ್ತೆ, ಆಗ ಅಧ್ಯಕ್ಷರ ದನಿ ಕೇಳಿತು, ಟೀವಿಯಲ್ಲಿ ಕೇಳುವ ಅದೇ ದನಿ: "ಈ ಪ್ರಶ್ನೆ ಮಸೂದೆಗೆ ಸಂಬಂಧಪಟ್ಟದ್ದಲ್ಲ. ತಜ್ಞರು ಉತ್ತರಿಸಬೇಕಾಗಿಲ್ಲ. ಮುಂದಿನವರು."

ಉತ್ತರಿಸಬಾರದು ಎಂದೇನೂ ಹೇಳಲಿಲ್ಲ. ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅಮ್ಮನ ಮೇಲಿನ ಮರುಕಕ್ಕಲ್ಲ. ನೀನು ಅದನ್ನು ಪತ್ರಿಕೆಯಲ್ಲಿ ಓದಬಾರದಿತ್ತು, ಅದಕ್ಕೆ.

ಹೌದು, ಅಮ್ಮನಿಗೆ ಗೊತ್ತಿತ್ತು. ಊರಿನ ಕಥೆ ಮೊದಲ ವರ್ಷವೇ ಗೊತ್ತಿತ್ತು. ಮಾವನ ಕಥೆ ಹೋದ ವರ್ಷ ಮಾರ್ಚಿನಿಂದ. ನನಗೆ ಹೇಗೆ ಗೊತ್ತು ಎಂದರೆ, ಮಾವ ಫೋನ್ ಮಾಡಿದಾಗ ಎತ್ತಿದವಳು ನಾನು. ಸಾಲ ಕೊಟ್ಟವಳು ನಾನು. ಆಮೇಲೆ ಎಂಟು ತಿಂಗಳು ಪ್ರತಿ ಭಾನುವಾರ ನಿನ್ನ ಕೈಯ ಊಟ ಉಂಡೆ, ಬಾಯಿ ಬಿಡಲಿಲ್ಲ.

ಇನ್ನು ನಿನಗೆ ನನ್ನ ಮುಖ ನೋಡಬೇಕೆನಿಸಿದರೆ ಹೇಳು, ಬರುತ್ತೇನೆ. ಅನಿಸದಿದ್ದರೂ ಹೇಳು.

ಸಾತು

*

ಕುರ್ಕಿಕೋಸ್ಕಿ
10 ಏಪ್ರಿಲ್ 2011

ಮಗಳೇ ಸಾತು,

ನಿನ್ನ ಮೇಲೆ ನನಗೆ ಏನೂ ಕೋಪ ಇಲ್ಲ ಎಂದು ಎಷ್ಟು ಸಲ ಹೇಳಿದರೂ ನೀನು ನಂಬುವುದಿಲ್ಲ. ಇನ್ನು ಹೇಳುವುದಿಲ್ಲ. ನೀನು ಬಂದಾಗಲೆಲ್ಲ ಊಟ ಹಾಕುತ್ತೇನೆ, ಅದರಲ್ಲೇ ತಿಳಿದುಕೋ.

ಇಲ್ಲಿಯ ಸುದ್ದಿ ಕೇಳು. ಆ ಕಾನೂನು ಬಂತಲ್ಲ, ಸಣ್ಣ ಸಾಲಕ್ಕೆ ಬಡ್ಡಿ ಮಿತಿ. ಫೆಬ್ರುವರಿಯಲ್ಲಿ ಕಂಪನಿ ಎಲ್ಲ ಮೇಜು ಕುರ್ಚಿ ಲಾರಿಗೆ ಹೇರಿಸಿಕೊಂಡು ಸಮುದ್ರದಾಚೆಯ ಟಾಲಿನ್‌ಗೆ ಹೋಯಿತು. ಕೆಲಸ ಹೋದವರು ನಿನ್ನನ್ನು ಬೈಯುತ್ತಾರೆ. ಅಂಗಡಿಯಲ್ಲಿ ಒಬ್ಬಳು ನನಗೆ ಕೇಳಿಸಲೆಂದೇ ಅಂದಳು, "ಹೋಗಿ ಹೋಗಿ ಸಂಸತ್ತಲ್ಲಿ ಚಾಡಿ ಹೇಳಿದ್ಲಂತೆ." ನಾನು ಬೆಣ್ಣೆ ತೆಗೆದುಕೊಂಡು ಬಂದೆ.

ಶನಿವಾರ ಪೇಟೆ ಚೌಕದಲ್ಲಿ ನಿನ್ನ ಅಮ್ಮನ ಪ್ರಚಾರ ಇತ್ತು. ಏಪ್ರನ್ ಕಟ್ಟಿಕೊಂಡು ತಾನೇ ಬಟಾಣಿ ಸೂಪು ಬಡಿಸುತ್ತಿದ್ದಳು. ನಾನೂ ಹೋಗಿ ಸಾಲಿನಲ್ಲಿ ನಿಂತೆ. ಜಗಳಕ್ಕೆಂದು ಹೋಗಲಿಲ್ಲ. ಯಾಕೆ ಹೋದೆನೋ ಗೊತ್ತಿಲ್ಲ. ನನ್ನ ಸರದಿ ಬಂತು.

"ಐಲಾ! ಎಷ್ಟು ದಿನ ಆಯ್ತು. ಸಾಸಿವೆ ಹಾಕ್ಲಾ?"

"ಹಾಕು. ಹಿಲ್ಕಾ, ನಾನು ಒಂದು ಕೇಳಿ ಬರೆದಿದ್ದೆ. ನೀನು ಕಲ್ಲಿನ ವಿಷಯ ಬರೆದೆ."

"ಆಮೇಲೆ ಕೂತು ಮಾತಾಡೋಣ. ಹಿಂದೆ ಜನ ಇದ್ದಾರೆ ನೋಡು."

"ಇರ್ಲಿ, ಅವರೂ ಕೇಳ್ಲಿ. ನಿನಗೆ ಯಾವಾಗ ಗೊತ್ತಾಯ್ತು?"

ಹಿಂದಿನಿಂದ ಯಾರೋ "ಬೇಗ ಆಗ್ಲಿ, ಸೂಪು ಆರ್ತಿದೆ" ಅಂದರು. ಅವಳು ಸೌಟನ್ನು ಪಾತ್ರೆಗೆ ಬಿಟ್ಟಳು. ಅದು ಪೂರ್ತಿ ಮುಳುಗಿಹೋಯಿತು. ಕೈ ಒರೆಸಿಕೊಂಡಳು.

"ರೇಯೊ ವಿಷಯ ಆ ವರ್ಷದ ಮಾರ್ಚಲ್ಲಿ. ಊರಿನ ವಿಷಯ ಅದಕ್ಕೂ ಮುಂಚೆ. ಸಾತು ಹೇಳಿದ್ಲು."

"ಯಾರಿಗೂ ಗೊತ್ತಿರ್ಲಿಲ್ಲ ಅಂತ ಟೀವೀಲಿ ಹೇಳಿದ್ಯಲ್ಲ."

"ಹೇಳ್ದೆ. ಸುಳ್ಳು ಹೇಳ್ದೆ ಐಲಾ."

ಬಲೂನು ಹಂಚುತ್ತಿದ್ದ ಹುಡುಗಿ ಹಂಚುವುದನ್ನು ನಿಲ್ಲಿಸಿದಳು. ಪತ್ರಿಕೆಯವನೊಬ್ಬ ಇದ್ದ, ಬರೆದುಕೊಂಡ. ಇನ್ನೇನು ಆಗುತ್ತದೋ ಅಂದುಕೊಂಡೆ. ನನ್ನ ಹಿಂದೆ ಕೌಕೊ ಇದ್ದ, ರೇಯೊ ಜೊತೆ ಒಂದೇ ಯಂತ್ರದಲ್ಲಿ ಕೆಲಸ ಮಾಡಿದವನು. ಅವನ ಕಾರನ್ನೂ ಸಾಲಕ್ಕೆ ಎಳೆದುಕೊಂಡು ಹೋಗಿದ್ದಾರೆ. ಅವನು ಬಟ್ಟಲು ಮುಂದೆ ಚಾಚಿದ.

"ಒಪ್ಕೊಂಡ್ಲಲ್ಲ, ಇನ್ನೇನು ಬೇಕು? ಎಷ್ಟು ಜನ ಒಪ್ಕೋತಾರೆ? ಹಿಲ್ಕಾ, ನಂಗೆ ತಳದ್ದು ಹಾಕು, ಗಟ್ಟಿ ಇರೋದು."

ಅವಳು ಬೇರೆ ಸೌಟು ತೆಗೆದುಕೊಂಡು ಹಾಕಿದಳು. ಸಾಲು ಮುಂದೆ ಹೋಯಿತು. ನಾನು ಬೆಂಚಿನ ಮೇಲೆ ಕೂತು ಸೂಪು ಕುಡಿದೆ. ಚೆನ್ನಾಗಿತ್ತು. ಅದಕ್ಕೇ ಇನ್ನೂ ಬೇಜಾರು.

ಮನೆ ಹರಾಜು ಜೂನ್‌ನಲ್ಲಿ.

ಐಲಾ ಅತ್ತೆ

*

ಹೆಲ್ಸಿಂಕಿ
26 ಜೂನ್ 2011

ಪ್ರೀತಿಯ ಸಾತು,

ಒಂದು ವರ್ಷದಿಂದ ನಾನು ಬರೆಯುತ್ತಿದ್ದೇನೆ, ನೀನು ಉತ್ತರಿಸುತ್ತಿಲ್ಲ. ಇದಕ್ಕೂ ಉತ್ತರ ಬರಬೇಕೆಂದು ಕಾಯುವುದಿಲ್ಲ.

ಚೌಕದಲ್ಲಿ ನಡೆದದ್ದು ಪತ್ರಿಕೆಯಲ್ಲಿ ಬಂದ ದಿನ ಪಕ್ಷದವರು ನನ್ನ ಕಥೆ ಮುಗಿಯಿತು ಎಂದಿದ್ದರು. ನಾನೂ ಹಾಗೆಯೇ ಅಂದುಕೊಂಡು ಕೋಣೆ ಖಾಲಿ ಮಾಡಲು ಪೆಟ್ಟಿಗೆ ತರಿಸಿದ್ದೆ. ಕುರ್ಕಿಕೋಸ್ಕಿಯಲ್ಲಿ ನನಗೆ ಹಿಂದೆಂದೂ ಬೀಳದಷ್ಟು ಮತ ಬಿತ್ತು. ಈಗ ಎಲ್ಲಿ ಹೋದರೂ ನನ್ನ ಪ್ರಾಮಾಣಿಕತೆಯ ಮಾತು. ಒಬ್ಬಳು ಚಿಕ್ಕ ಹುಡುಗಿ ಬಂದು ಕೈ ಕುಲುಕಿ, ನಿಮ್ಮಂಥವರು ಬೇಕು ಅಂದಳು. ನನಗೆ ಕೈ ತೊಳೆದುಕೊಳ್ಳಬೇಕು ಅನಿಸಿತು.

ಹೊಸ ಸರ್ಕಾರದಲ್ಲಿ ನನಗೆ ಖಾತೆ ಕೊಟ್ಟಿದ್ದಾರೆ. ಗ್ರಾಹಕರು, ಸಾಲ, ಎಲ್ಲ ಅದರಲ್ಲೇ ಬರುತ್ತದೆ. ಒಪ್ಪಿಕೊಳ್ಳಲೋ ಬೇಡವೋ ಎಂದು ನಿನ್ನನ್ನು ಕೇಳಬೇಕೆಂದು ಈ ಪತ್ರ ಶುರುಮಾಡಿದೆ. ಸುಳ್ಳು ಬೇಡ. ಮೊನ್ನೆಯೇ ಒಪ್ಪಿಕೊಂಡಾಗಿದೆ. ನಾನು ಬೇಡ ಅಂದಿದ್ದರೆ ಅದು ಹೋಗುತ್ತಿದ್ದದ್ದು ಸಾಲ ಕಂಪನಿಗಳ ಜೊತೆ ಊಟ ಮಾಡುವ ಮನುಷ್ಯನಿಗೆ. ನನಗೆ ಕನಿಷ್ಠ ಇದರ ಬೆಲೆ ಗೊತ್ತು. ಗೊತ್ತಿರುವವರು ಅಲ್ಲಿ ಕೂರಬೇಕಲ್ಲವೇ?

ಮನೆಯನ್ನು ನಾನು ಕೊಂಡು ಐಲಾಗೇ ಬಿಡುತ್ತೇನೆ ಅಂದೆ. "ನಾನು ನಿನ್ನ ದುಡ್ಡು ಕೇಳಿರ್ಲಿಲ್ಲ" ಅಂದಳು.

ರೇಯೊನ ಸಮಾಧಿಗೆ ಒಬ್ಬಳೇ ಹೋಗಿದ್ದೆ. ಐಲಾ ಹೂ ನೆಟ್ಟಿದ್ದಾಳೆ.

ಅಮ್ಮ

*

ಔಲು
10 ಜುಲೈ 2011

ಅಮ್ಮ,

ನಿನ್ನ ಪತ್ರಗಳನ್ನೆಲ್ಲ ಓದಿದ್ದೇನೆ. ಒಂದನ್ನೂ ಬಿಟ್ಟಿಲ್ಲ.

ಕಳೆದ ವಾರ ಮನೆ ಖಾಲಿ ಮಾಡಿದೆವು. ಕೊಂಡ ದಂಪತಿ ನಾವು ಇರುವಾಗಲೇ ಬಂದು ಅಡುಗೆಮನೆ ಗೋಡೆಯ ಅಳತೆ ತೆಗೆದರು. ಒಳ್ಳೆಯ ಜನ, ಶೂ ಕಳಚಿ ಒಳಗೆ ಬಂದರು. ಐಲಾ ಅತ್ತೆ ಅವರಿಗೆ ಏಲಕ್ಕಿ ಬನ್ನು ಬೇಯಿಸಿಟ್ಟಿದ್ದಳು. ಒಲೆಯ ಯಾವ ಮೂಲೆ ಹೆಚ್ಚು ಕಾಯುತ್ತದೆ ಎಂದೂ ಹೇಳಿಕೊಟ್ಟಳು. ಈಗ ನನ್ನ ಜೊತೆ ಇದ್ದಾಳೆ. ನನ್ನದು ಒಂದೇ ಕೋಣೆ. ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಿಂದ ಬರುವಷ್ಟರಲ್ಲಿ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ. ಇಲ್ಲಿಂದ ಕೆರೆ ಕಾಣಿಸುವುದಿಲ್ಲ. ಅದೇ ಒಳ್ಳೆಯದಂತೆ.

"ನಿನ್ನ ಅಮ್ಮನಿಗೆ ಬರಿ, ನಂಗೆ ಕೋಪ ಇಲ್ಲ ಅಂತ" ಎನ್ನುತ್ತಿದ್ದಾಳೆ. ಬರೆದಿದ್ದೇನೆ. ಅದು ಅವಳ ಮಾತು, ನನ್ನದೆಂದು ತಿಳಿಯಬೇಡ.

ಗೊತ್ತಿರುವವರು ಅಲ್ಲಿ ಕೂರಬೇಕು ಅಂದೆಯಲ್ಲ. ಹಾಗಾದರೆ ಇದೂ ಗೊತ್ತಿರಲಿ. ನಿನ್ನ ಕಾನೂನಿನ ಮಿತಿ ಸಣ್ಣ ಸಾಲಕ್ಕೆ ಮಾತ್ರ. ಟಾಲಿನ್‌ಗೆ ಹೋದ ಕಂಪನಿ ಈಗ ಸಣ್ಣ ಸಾಲ ಕೊಡುವುದನ್ನೇ ನಿಲ್ಲಿಸಿದೆ. ಎರಡು ಸಾವಿರಕ್ಕಿಂತ ಕಡಿಮೆ ಕೇಳಿದರೆ ಇಲ್ಲ ಎನ್ನುತ್ತದೆ, ಅದಕ್ಕಿಂತ ಮೇಲೆ ಎಷ್ಟಾದರೂ ಕೊಡುತ್ತದೆ, ಬಡ್ಡಿ ಮೊದಲಿನದೇ. ಇನ್ನೂರು ಬೇಕಾಗಿದ್ದವರು ಎರಡು ಸಾವಿರ ತೆಗೆದುಕೊಳ್ಳುತ್ತಿದ್ದಾರೆ. ನಮ್ಮ ಒಗೆಯುವ ಮನೆಯಲ್ಲಿ ಹದಿನೇಳು ಜನ ಹೆಂಗಸರಿದ್ದೇವೆ, ಐವರು ತೆಗೆದುಕೊಂಡಿದ್ದಾರೆ. ಹೊಸಬಳು ಒಬ್ಬಳಿದ್ದಾಳೆ, ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಹಿಡಿದು ಹೊರಗೆ ಹೋಗುತ್ತಾಳೆ, ಒಳಗೆ ಬಂದಾಗ ನಗುತ್ತಾ ಬರುತ್ತಾಳೆ. ಆ ನಗು ನನಗೆ ಗೊತ್ತು.

ಇದನ್ನು ಮಂತ್ರಿ ಹಿಲ್ಕಾ ನೆವಾಲಾ ಅವರಿಗೆ ನಾನು ಹೇಳಿದ್ದೇನೆ. ತಾರೀಖು ಮೇಲೆಯೇ ಇದೆ.

ಸಾತು ನೆವಾಲಾ